ಆಗುಂಬೆಯ ಒಂದು ಮಳೆರಾತ್ರಿ

ಮುಖ್ಯೋಪಾಧ್ಯಾಯಿನಿಯಾದವಳು ಈ ಸಂಚಿಕೆಯಲ್ಲಿ ಶಾಲೆಯ ಅಭಿವೃದ್ಧಿಯನ್ನು ಕುರಿತು ಬರೆಯುವುದೇ ವಾಡಿಕೆ. ಆದರೆ ಒಬ್ಬ ವಿದ್ಯಾರ್ಥಿನಿಯ ಋಣವೊಂದು ನನ್ನ ಮೇಲಿರುವುದು. ಪ್ರಿಯ ಪೂರ್ವ ವಿದ್ಯಾರ್ಥಿನಿಯರೂ ಪೋಷಕರೂ ಅದನ್ನು ಹೇಳಿಕೊಳ್ಳಲು ಅಪ್ಪಣೆ ಕೊಡಬೇಕು.

2016ನೆಯ ಇಸವಿಯ ದಸರಾ ರಜೆಯಲ್ಲಿ ಗೈಡ್ ದಳದ 24 ಮಂದಿ ಬಾಲಿಕೆಯರೊಡನೆ ನಾವು ಮೂವರು ಉಪಾಧ್ಯಾಯಿನಿಯರು ಶೇಷಾದ್ರಿಪುರದಿಂದ ಬಸ್ಸಿನಲ್ಲಿ ಹೊರಟು, ತುಮಕೂರು, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟಿ ಸಂಜೆಗೆ ಆಗುಂಬೆಯನ್ನು ಸೇರಿದೆವು. ಮರುದಿನ ಘಾಟಿಯ 14 ತಿರುವುಗಳನ್ನಿಳಿದು, ಕಾರ್ಕಳದಲ್ಲಿ 1432ರಲ್ಲಿ ಸ್ಥಾಪಿತವಾದ ಗೊಮ್ಮಟನನ್ನು ನೋಡುವುದೆಂದು ನಿಶ್ಚಯವಾಗಿತ್ತು. ಅಲ್ಲಿಯ ಒಂದು ಶಾಲೆಯ ಬಯಲಿನಲ್ಲಿ ಗುಡಾರಗಳನ್ನು ಹೂಡಿದೆವು.

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1000 ಮಿಲಿಮೀಟರು ಮಳೆಯಾದರೆ ಆಗುಂಬೆಯಲ್ಲಿ 7000ಕ್ಕೂ ಮೇಲು. ಅರಬ್ಬೀ ಸಮುದ್ರದಿಂದ ಬೀಸುವ ತೇವದ ಗಾಳಿಯು ಪಶ್ಚಿಮ ಘಟ್ಟಗಳಿಗೆ ತಾಕಿ, ಮೇಲೇರಿ ತಣ್ಣಗಾಗಿ ಮಳೆಗರೆಯುವುದೆಂದು ತರಗತಿಯಲ್ಲಿ ಪಾಠ ಹೇಳಿದವಳು ನಾನೇ. ಆದರೂ ನವರಾತ್ರಿಯ ವೇಳೆಗೆ ಮುಂಗಾರು ಹಿಂದೆಗೆದಿರುವುದೆಂಬ ಧೈರ್ಯದಿಂದಿದ್ದೆನು.

ತೀರ್ಥಹಳ್ಳಿಯ ಕಡೆಯಿಂದ ಬಂದು ನಮ್ಮ ಹಾಸ್ಟೆಲಿನಲ್ಲಿದ್ದ, ಮಿತಭಾಷಿಣಿಯಾದ ಒಬ್ಬ ಹುಡುಗಿ ಹತ್ತಿರ ಬಂದು, “ಮಿಸ್, ಈ ಜಾಗ ತಗ್ಗು. ಗುಡಾರದ ಸುತ್ತ ಕಾಲುವೆ ತೋಡೋಣ. ರಾತ್ರಿ ಮಳೆ ಬರುತ್ತದೆ” ಎಂದಳು. ದಿನವೆಲ್ಲಾ ಪ್ರಯಾಣ ಮಾಡಿ ದಣಿದಿದ್ದ ನಾನು, “ಭೂಗೋಳದಲ್ಲಿ ನಿನಗೆ ಬರುವ ಅಂಕಗಳನ್ನು ನಾನು ಬಲ್ಲೆ. ಹೋಗಿ ಸೌದೆ ತಾ” ಎಂದೆನು. ಉಳಿದವರು ನಕ್ಕರು. ಅವಳು ಮರುಮಾತಾಡದೆ ಹೊರಟುಹೋದಳು.

ರಾತ್ರಿ ಒಂಬತ್ತಕ್ಕೆ ಆಕಾಶವೇ ಕಳಚಿಬಿದ್ದಂತಾಯಿತು. ಹಾಸಿಗೆಗಳೂ ಅಕ್ಕಿಯ ಮೂಟೆಯೂ ನೀರಿನಲ್ಲಿ ತೊಯ್ದುಹೋದವು. ಮಕ್ಕಳನ್ನು ಶಾಲೆಯ ಜಗುಲಿಗೆ ಸೇರಿಸುತ್ತಾ ನಾನು ಟಾರ್ಚನ್ನು ತಿರುಗಿಸಿದಾಗ, ಅವಳೊಬ್ಬಳೇ ಗುದ್ದಲಿ ಹಿಡಿದು ನೆಲವನ್ನು ಅಗೆಯುತ್ತಿದ್ದುದು ಕಂಡಿತು. ಅದು ಅವಳ ಗುಡಾರವಾಗಿರಲಿಲ್ಲ. ಎಲ್ಲರಿಗಿಂತ ಚಿಕ್ಕ ಹುಡುಗಿಯರದಾಗಿತ್ತು. ಇಂಬಳ ಕಚ್ಚಿದ ಕಾಲಿನಿಂದ ರಕ್ತ ಹರಿಯುತ್ತಿತ್ತು. ಆ ರಾತ್ರಿ ನೆಲ ಒಣಗಿದ್ದುದು ಆ ಒಂದು ಗುಡಾರದಲ್ಲಿ ಮಾತ್ರ. “ಸಿದ್ಧರಾಗಿರಿ” ಎಂಬುದು ಗೈಡುಗಳ ಧ್ಯೇಯವಾಕ್ಯವಷ್ಟೆ. ನಮ್ಮಲ್ಲಿ ಸಿದ್ಧಳಾಗಿದ್ದವಳು ಅವಳೊಬ್ಬಳೇ.

ಜಗುಲಿಯ ಕಂಬಕ್ಕೊರಗಿ ಬೆಳಗಿನವರೆಗೂ ಎಚ್ಚರವಾಗಿದ್ದೆನು. ಅವಳನ್ನು ಏಕಾಂತದಲ್ಲಿ ಕರೆದು ಎರಡು ಮಾತು ಹೇಳಿದರೆ ಸಾಲದೇ ಎಂದು ಮನಸ್ಸು ಉಪಾಯ ಹುಡುಕಿತು. ಆದರೆ ಹೀಯಾಳಿಸಿದ್ದು ಎಲ್ಲರ ಎದುರಿಗಲ್ಲವೇ? ಬೆಳಗ್ಗೆ ಧ್ವಜವಂದನೆಯಾದ ಮೇಲೆ ಅವಳನ್ನು ಮುಂದಕ್ಕೆ ಕರೆದು, “ಮಗು, ನಿನ್ನೆ ನಿನ್ನ ಮಾತನ್ನು ಕೇಳದೆ ಹೋದದ್ದು ತಪ್ಪು, ಇವರೆದುರಿಗೆ ನಿನ್ನನ್ನು ಅವಮಾನ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸು” ಎಂದೆನು. ಧ್ವನಿ ನಡುಗಿತು.

ಅವಳು ತಲೆ ತಗ್ಗಿಸಿ, “ಮಿಸ್, ಈಗಲೇ ಬಟ್ಟೆ ಒಣಹಾಕೋಣ. ಹನ್ನೊಂದರ ಮೇಲೆ ಮತ್ತೆ ಬರುತ್ತದೆ” ಎಂದಳು. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಓಡಿದೆವು. ಹನ್ನೊಂದೂಕಾಲಕ್ಕೆ ಮಳೆ ಬಂದಿತು.

ಪ್ರಗತಿಪತ್ರಗಳಿಗೆ ಈಗಲೂ ನಾನೇ ಸಹಿ ಹಾಕುತ್ತೇನೆ. ಭೂಗೋಳದ ಸಾಲಿನ ಬಳಿಗೆ ಬಂದಾಗ ಮಾತ್ರ ಲೇಖನಿ ಒಂದು ಕ್ಷಣ ನಿಲ್ಲುವುದು.