ಎರೆಯ ನಾಡಿನ ನಡಿಗೆ

ಅಣ್ಣಿಗೇರಿಯಲ್ಲಿ ಅಮೃತೇಶ್ವರನ ದರ್ಶನ ಮಾಡಿಕೊಂಡು ನವಲಗುಂದದ ಕಡೆಗೆ ಹೊರಟರೆ ಕಣ್ಣು ಹರಿಯುವಷ್ಟು ದೂರವೂ ಎರೆಯ ಭೂಮಿ. ಬೇಸಗೆಯಲ್ಲಿ ಅದು ಬಿರಿದು ಬಾಯ್ದೆರೆಯುವುದು; ಮಳೆ ಬಿದ್ದೊಡನೆ ಕೆರವಿಗೆ ಮೆತ್ತಿ ಹೆಜ್ಜೆಹೆಜ್ಜೆಗೂ ಭಾರವಾಗುವುದು. ಇಲ್ಲಿಯ ಒಕ್ಕಲುಮಕ್ಕಳು ಕಾಲನ್ನು ಕಿತ್ತೆತ್ತಿ ಇಡುವ ಬಗೆಯನ್ನು ನಾವು ನಿಂತು ನೋಡಿದೆವು. ಕಲಘಟಗಿಯ ಕೆಮ್ಮಣ್ಣಿನ ಹಾದಿಯಲ್ಲಿ ಈ ನಡಿಗೆ ಕಾಣದು.

ನಡಿಗೆಯಿಂದ ರೋಗವನ್ನರಿಯುವುದು ನಮ್ಮ ಪೂರ್ವಿಕರಿಗೆ ಹೊಸದಲ್ಲ. ಹೆಜ್ಜೆಯಿಡತೊಡಗುವಾಗ ನಡುಗಿ, ಕುಂಟುತ್ತ ಸಾಗುವವನ ವ್ಯಾಧಿಯನ್ನು ಸುಶ್ರುತಸಂಹಿತೆಯು ಕಲಾಯಖಂಜವೆಂದು ಕರೆದಿದೆ. ಅಂದು ವೈದ್ಯನ ಕಣ್ಣೇ ಅಳತೆಗೋಲು. ಇಂದು ಆ ಕಣ್ಣಿಗೆ ನೆರವಾಗಿ ಸೆನ್ಸರೆಂಬ ಪುಟ್ಟ ಯಂತ್ರವು ಬಂದಿದೆ. ಅದನ್ನು ನಡುವಿಗೋ ಕಣಕಾಲಿಗೋ ಕಟ್ಟಿಕೊಂಡು ನಡೆದರೆ, ಅದರ ಒಂದು ಭಾಗವು ವೇಗದ ಏರಿಳಿತವನ್ನೂ ಇನ್ನೊಂದು ಭಾಗವು ಅಂಗದ ತಿರುಗುವಿಕೆಯನ್ನೂ ಕ್ಷಣಕ್ಷಣಕ್ಕೆ ಗುರುತಿಸುತ್ತವೆ. ಹೆಜ್ಜೆಗೆ ಹಿಡಿದ ಕಾಲ, ಎಡಬಲಗಳ ಭೇದ, ಎಲ್ಲವೂ ಲೆಕ್ಕಕ್ಕೆ ಸಿಕ್ಕುವುವು. ಹೆಜ್ಜೆಯಿಂದ ಹೆಜ್ಜೆಗೆ ಕಾಲವು ಬಹಳ ಹೆಚ್ಚುಕಡಿಮೆಯಾಗುವ ವೃದ್ಧರಲ್ಲಿ ಬೀಳುವ ಸಂಭವವು ಅಧಿಕವೆಂದು ಶಾಸ್ತ್ರಜ್ಞರು ಕಂಡಿದ್ದಾರೆ.

ಆದರೆ ಕಾಲ ಕೆಳಗಿನ ಮಣ್ಣು ಎಂಥದೆಂದು ಯಂತ್ರವು ತಾನಾಗಿ ಅರಿಯದು. ಎರೆಯ ಕೆಸರಿನಲ್ಲಿ ತಡವರಿಸಿದವನನ್ನು ಆಸ್ಪತ್ರೆಯ ನುಣುಪು ನೆಲದಲ್ಲಿ ನಡೆದವನೊಡನೆ ಹೋಲಿಸಿದರೆ ಅನ್ಯಾಯವಾದೀತು. ಒಬ್ಬನ ಇಂದಿನ ನಡಿಗೆಯನ್ನು ಅವನದೇ ಹಿಂದಿನ ನಡಿಗೆಯೊಡನೆ, ಒಂದೇ ಬಗೆಯ ನೆಲದ ಮೇಲೆ, ತೂಗುವುದು ನ್ಯಾಯ. ಮನೆಯ ಹಿರಿಯರು ಹೊಸ್ತಿಲು ದಾಟುವಾಗ ಎಡವತೊಡಗಿದರಂತೂ ಯಂತ್ರದ ದಾರಿ ಕಾಯಬಾರದು; ಅವರು ಬೀಳುವ ಮೊದಲೇ ವೈದ್ಯರಿಗೆ ತೋರಿಸುವುದು ಮನೆಯವರ ಕರ್ತವ್ಯ.