ಆರು ರನ್ನಿನ ತಕರಾರು

ಐವತ್ತೆಂಟು ರನ್ನಿನಿಂದ ಸೋತ ಪಂದ್ಯದ ಬಗ್ಗೆ ಆಲೂರಿನಲ್ಲಿ ಯಾರೂ ಜಗಳ ತೆಗೆಯುವುದಿಲ್ಲ. 2011ರ ಮೇ 28ರಂದು ಚೆನ್ನೈನಲ್ಲಿ ಐಪಿಎಲ್ ಫೈನಲ್ ನಡೆದಾಗ ಚೆನ್ನೈ 205 ಹೊಡೆಯಿತು, ಬೆಂಗಳೂರು 147ಕ್ಕೆ ನಿಂತಿತು. ಜನ ಟಿವಿ ಆರಿಸಿ ಮಲಗಿದರು. ಆದರೆ 2009ರ ಫೈನಲ್ಲನ್ನು ಬೆಂಗಳೂರು ಸೋತದ್ದು ಆರು ರನ್ನಿನಿಂದ, 2016ರದನ್ನು ಎಂಟು ರನ್ನಿನಿಂದ. ಈ ಹದಿನಾಲ್ಕು ರನ್ನಿನ ಲೆಕ್ಕ ಊರಿನ ಮಿರ್ಚಿ ಬಂಡಿಯ ಮುಂದೆ ಇನ್ನೂ ಚುಕ್ತಾ ಆಗಿಲ್ಲ.

ಎರಡು ಸಲವೂ ಗೆದ್ದದ್ದು ಹೈದರಾಬಾದ್. ಬೇರೆ ಊರಿನವರಿಗೆ ಇದು ಸ್ಕೋರ್‌ಕಾರ್ಡಿನ ಒಂದು ಸಾಲು. ಆಲೂರಿನಲ್ಲಿ ಇದು ಊಟದ ಪಂಕ್ತಿಯಲ್ಲಿ ಏಳುವ ಮಾತು.

ಮದ್ರಾಸ್ ಪ್ರಾಂತ್ಯದ ಕಾಲಕ್ಕೆ ಆಲೂರು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಹೋದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ಅಂದಿನಿಂದ ಆಲೂರಿನ ಕಾಗದಪತ್ರ ಕರ್ನೂಲಿಗೆ ಹೋಗುತ್ತದೆ, ಜವಳಿ ತರಲು ಜನ ಬಳ್ಳಾರಿಗೆ ಹೋಗುತ್ತಾರೆ. ಇದನ್ನು ಬರೆಯುವವನ ಮನೆಯಲ್ಲಿ ಅಡುಗೆಮನೆಯ ಭಾಷೆ ಕನ್ನಡ. ಅವನ ಅಕ್ಕನನ್ನು ಕೊಟ್ಟದ್ದು ತೆಲುಗು ಮನೆಗೆ. ಆದ್ದರಿಂದ ಬಾವ ಹೈದರಾಬಾದ್ ಪಾರ್ಟಿ, ಬಾಮೈದ ಬೆಂಗಳೂರು ಪಾರ್ಟಿ.

ಬಾವನ ವಾದ ಯಾವತ್ತೂ ರೇಷನ್ ಕಾರ್ಡಿನಿಂದ ಶುರುವಾಗುತ್ತದೆ. ಕಾರ್ಡು ಆಂಧ್ರದ್ದು, ಓಟು ಆಂಧ್ರದ್ದು, ಜೈಕಾರ ಮಾತ್ರ ಬೆಂಗಳೂರಿಗೆ ಯಾಕೆ? ಬಾಮೈದ ಚಿಪ್ಪಗಿರಿಯನ್ನು ಎದುರಿಗಿಡುತ್ತಾನೆ: ಕನ್ನಡದಲ್ಲಿ ಹಾಡಿದ ವಿಜಯದಾಸರು 1755ರಲ್ಲಿ ಕೊನೆಯುಸಿರೆಳೆದದ್ದು ಇಲ್ಲೇ ಪಕ್ಕದಲ್ಲಿ, ನೆಲವೇ ಕನ್ನಡದ್ದು. “ದಾಸರು ಆರ್‌ಸಿಬಿ ಅಂದಿದ್ರೇನಪ್ಪಾ?” ಎಂದು ಬಾವ ಕೇಳುತ್ತಾರೆ. 2014ರ ಜೂನ್ 2ರಂದು ತೆಲಂಗಾಣ ಬೇರೆಯಾದ ಮೇಲೆ ಬಾಮೈದನಿಗೆ ಹೊಸ ಅಸ್ತ್ರ ಸಿಕ್ಕಿತು. ಹೈದರಾಬಾದ್ ಈಗ ಆಂಧ್ರದ್ದೂ ಅಲ್ಲವಲ್ಲ, ಬಾವಾ? “ಹತ್ತು ವರ್ಷ ಜಂಟಿ ರಾಜಧಾನಿ” ಎಂದು ಬಾವ ಆಗ ತಪ್ಪಿಸಿಕೊಂಡರು. ಆ ಹತ್ತು ವರ್ಷ 2024ರ ಜೂನ್ 2ಕ್ಕೆ ತೀರಿತು. ಬಾವ ತಂಡ ಬದಲಿಸಲಿಲ್ಲ. ಡೆಕ್ಕನ್ ಚಾರ್ಜರ್ಸ್ 2012ರಲ್ಲಿ ಮುಚ್ಚಿದಾಗಲೇ ಬದಲಿಸದೆ, ಮರುವರ್ಷ ಬಂದ ಸನ್‌ರೈಸರ್ಸ್ ಮೇಲೆ ಅದೇ ಅಭಿಮಾನವನ್ನು ವರ್ಗ ಮಾಡಿಸಿಕೊಂಡ ಮನುಷ್ಯ ಅವರು.

ಈಗ ಆ ಆರು ರನ್ನು. ಲೋಕಸಭೆ ಚುನಾವಣೆಯ ಕಾರಣಕ್ಕೆ 2009ರ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಮೇ 24, ಜೋಹಾನ್ಸ್‌ಬರ್ಗಿನ ವಾಂಡರರ್ಸ್ ಮೈದಾನ. ನಾಯಕ ಅನಿಲ್ ಕುಂಬ್ಳೆ ಮೊದಲ ಓವರಿನಲ್ಲೇ ಎದುರಾಳಿ ನಾಯಕ ಗಿಲ್‌ಕ್ರಿಸ್ಟ್‌ನನ್ನು ಸೊನ್ನೆಗೆ ಕಳಿಸಿದರು. ಮೂವತ್ತೆಂಟರ ವಯಸ್ಸಿನಲ್ಲಿ ನಾಲ್ಕು ಓವರ್ ಹಾಕಿ ಕೊಟ್ಟದ್ದು 16, ಕಿತ್ತದ್ದು 4. ಡೆಕ್ಕನ್ 143. ಇಷ್ಟಾದ ಮೇಲೆ ಸೋಲುವುದು ಹೇಗೆ? ಸೈಮಂಡ್ಸ್ ಒಂದರ ಹಿಂದೆ ಒಂದು ಚೆಂಡಿಗೆ ಟೇಲರ್‌ನನ್ನೂ ಕೊಹ್ಲಿಯನ್ನೂ ತೆಗೆದ. ಕೊನೆಯ ಓವರಿಗೆ 15 ಬೇಕಿತ್ತು, ಆರ್.ಪಿ. ಸಿಂಗ್ ಕೈಯಲ್ಲಿ ಚೆಂಡು, ಕ್ರೀಸಿನಲ್ಲಿ ಉತ್ತಪ್ಪ. ಬಂದದ್ದು ಎಂಟು. ಪಂದ್ಯಶ್ರೇಷ್ಠ ಪ್ರಶಸ್ತಿ ಸೋತ ತಂಡದ ಕುಂಬ್ಳೆಗೇ ಬಂತು. ಅದನ್ನು ಹಿಡಿದುಕೊಂಡು ಏನು ಮಾಡಬೇಕೆಂದು ಆ ರಾತ್ರಿ ಆಲೂರಿನಲ್ಲಿ ಯಾರಿಗೂ ತಿಳಿಯಲಿಲ್ಲ.

“ಒಂದೇ ಒಂದು ಸಿಕ್ಸ್ ಬಿದ್ದಿದ್ರ ಕಪ್ ನಮ್ದು” ಎಂದು ಬೆಂಗಳೂರು ಪಾರ್ಟಿಯ ಹುಡುಗನೊಬ್ಬ ಇವತ್ತಿಗೂ ಹೇಳುತ್ತಾನೆ.

“ಬಿದ್ದಿದ್ರ 143 ಆಗ್ತಿತ್ತು. ಟೈ. ಗೆಲುವು ಎಲ್ಲಿಂದ ಬಂತು?” ಎಂದು ಬಾವ ಮಿರ್ಚಿಯ ತೊಟ್ಟು ಮುರಿಯುತ್ತಾ ಕೇಳುತ್ತಾರೆ. ಲೆಕ್ಕ ಸರಿಯಿದೆ. ಅದಕ್ಕೇ ಹುಡುಗನಿಗೆ ಮೈ ಉರಿಯುವುದು.

ಜೋಹಾನ್ಸ್‌ಬರ್ಗ್ ಕಳೆದು ಎಂಟು ತಿಂಗಳಿಗೆ, 2010ರ ಜನವರಿಯಲ್ಲಿ, ರಣಜಿ ಫೈನಲ್ ಮೈಸೂರಿಗೆ ಬಂತು. ಆಗ ಇದನ್ನು ಬರೆಯುವವನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ, ವಿಶ್ವವಿದ್ಯಾಲಯದ್ದೇ ಗಂಗೋತ್ರಿ ಗ್ಲೇಡ್ಸ್ ಮೈದಾನ ಹಾಸ್ಟೆಲಿನಿಂದ ನಡೆದು ಹೋಗುವಷ್ಟು ಹತ್ತಿರ. ಮುಂಬೈ ಮುಂದಿಟ್ಟದ್ದು 338. ಕರ್ನಾಟಕ 46ಕ್ಕೆ ಮೂರು ಕಳೆದುಕೊಂಡಿತು. ಅಲ್ಲಿಂದ ಮನೀಶ್ ಪಾಂಡೆಯೂ ಗಣೇಶ್ ಸತೀಶ್‌ನೂ ಸೇರಿ 209 ಕೂಡಿಸಿದರು. ಪಾಂಡೆ 144 ಹೊಡೆದ. ಒಂದು ಹೊತ್ತಿನಲ್ಲಿ ಮೈದಾನದ ಸುತ್ತ ಕುಳಿತವರೆಲ್ಲ ಗೆದ್ದೇಬಿಟ್ಟೆವೆಂದು ಎದ್ದು ನಿಂತಿದ್ದರು, ಕೂತುಕೊಳ್ಳಲು ಯಾರಿಗೂ ಮನಸ್ಸಿಲ್ಲ. ಅಗರ್ಕರ್ ಐದು ವಿಕೆಟ್ ಕಿತ್ತ. 331ಕ್ಕೆ ಆಲೌಟ್. ಜನ ಗೇಟಿನ ಕಡೆ ನಡೆಯುವಾಗಲೇ ವಾದ ಶುರುವಾಗಿತ್ತು. ಮೊದಲ ಇನಿಂಗ್ಸಿನಲ್ಲಿ 130ಕ್ಕೆ ಮುಗಿದದ್ದೇ ಸೋಲು ಎಂದು ಒಬ್ಬ, ಇಲ್ಲ, ಪಾಂಡೆ ಔಟಾದ ಗಳಿಗೆಯೇ ಸೋಲು ಎಂದು ಇನ್ನೊಬ್ಬ, ಇಬ್ಬರೂ ಸೈಕಲ್ ತಳ್ಳಿಕೊಂಡೇ.

ಆಲೂರಿನಿಂದ ಬಾವನ ಫೋನು ಬಂತು.

“ಎಷ್ಟರಿಂದ?”

“ಆರು.”

“ಮತ್ತಾ?”

ಇಂಥ ಸೋಲು ಐಪಿಎಲ್ ತಂದುಕೊಟ್ಟದ್ದೇನಲ್ಲ. ಮನೆಯ ಹಿರಿಯ ಮಾವನಿಗೆ 1982ರ ಗಾಯವೇ ದೊಡ್ಡದು. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ರಣಜಿ ಫೈನಲ್. ಬ್ರಿಜೇಶ್ ಪಟೇಲ್, ಕಿರ್ಮಾನಿ, ರೋಜರ್ ಬಿನ್ನಿ, ಖಾನ್ವಿಲ್ಕರ್ ನಾಲ್ವರೂ ಶತಕ ಹೊಡೆದು ಕರ್ನಾಟಕ 705 ಪೇರಿಸಿತು. ಮೊದಲ ಇನಿಂಗ್ಸಿನ ಮುನ್ನಡೆಗೇ ಕಪ್. ದೆಹಲಿ 589ಕ್ಕೆ ಎಂಟು ಕಳೆದುಕೊಂಡಿತ್ತು. ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಎಂಬಿಬ್ಬರು ಅಲ್ಲಿಂದ ಔಟಾಗದೆ 118 ಸೇರಿಸಿ 707 ಮಾಡಿದರು. ಏಳುನೂರೈದು ಹೊಡೆದು ಸೋಲಬಹುದು ಎಂಬುದನ್ನು ಮಾವ ಮೊಮ್ಮಕ್ಕಳಿಗೆ ಹೇಳಿದರೆ ಅವರು ತಾತ ಕತೆ ಕಟ್ಟುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಬಾವ-ಬಾಮೈದ ಒಂದೇ ಕಡೆ ಕೂತು ಸೋತ ಪಂದ್ಯವೂ ಉಂಟು, ಜಗಳ ಅದಕ್ಕೂ ಆಗಿದೆ. 1999ರ ಜನವರಿ 31, ಭಾನುವಾರ, ಚೆನ್ನೈ ಟೆಸ್ಟಿನ ಕೊನೆ. ಪಾಕಿಸ್ತಾನದ ವಿರುದ್ಧ ಗೆಲ್ಲಲು 271 ಬೇಕು. ಬೆನ್ನು ನೋವಿನಲ್ಲಿ 136 ಹೊಡೆದ ಸಚಿನ್ ಔಟಾದಾಗ 254. ಇನ್ನು 17. ಮೂರು ವಿಕೆಟ್ ಕೈಯಲ್ಲಿ. ಬಂದದ್ದು ನಾಲ್ಕೇ ರನ್ನು, ಸೋಲು 12ರಿಂದ. ಬಾವ ಅವತ್ತೇ ಬೆರಳು ಮಡಚಿ ಎಣಿಸಿದರು: ಸುನಿಲ್ ಜೋಶಿ, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್. “ಸಚಿನ್ ಹೋದ ಮೇಲೆ ಬ್ಯಾಟ್ ಹಿಡಿದವರು ನಾಲ್ಕೂ ಮಂದಿ ನಿಮ್ಮವರೇ ನೋಡು.” ನಿಜ, ನಾಲ್ವರೂ ಕರ್ನಾಟಕದವರು. ಬಾಮೈದ ಮರುದಿನದ ಪೇಪರಿನ ಸ್ಕೋರುಪಟ್ಟಿ ಬಿಡಿಸಿ ಮೇಲಿನಿಂದ ಓದಿದ: ಲಕ್ಷ್ಮಣ್ 0, ಅಜರುದ್ದೀನ್ 7. ಇಬ್ಬರೂ ಹೈದರಾಬಾದ್. ದ್ರಾವಿಡ್‌ನ 10ನ್ನು ಮಾತ್ರ ಅವನು ಓದಲಿಲ್ಲ. ದೇಶ ಪಾಕಿಸ್ತಾನಕ್ಕೆ ಸೋತು ಕೂತಿದ್ದರೆ ಇವರ ಮನೆಯಲ್ಲಿ ಕರ್ನಾಟಕ-ಆಂಧ್ರ ನಡೆಯುತ್ತಿತ್ತು.

2016ರ ಫೈನಲ್ ಬಂದಾಗ ಬೆಂಗಳೂರು ಪಾರ್ಟಿಯೇ ಒಡೆಯಿತು. ಮೇ 29, ಚಿನ್ನಸ್ವಾಮಿ ಮೈದಾನ, ಆ ವರ್ಷ ಕೊಹ್ಲಿಯೊಬ್ಬನದೇ 973 ರನ್ನು. ಹೈದರಾಬಾದ್ 208. ಉತ್ತರಕ್ಕೆ ಗೇಲ್ 38 ಚೆಂಡಿಗೆ 76. ಮೊದಲ ವಿಕೆಟ್ಟಿಗೆ 10.3 ಓವರಿನಲ್ಲಿ 114. ಅಂದರೆ 57 ಚೆಂಡಿಗೆ 95, ಒಂಬತ್ತು ವಿಕೆಟ್ ಬಾಕಿ, ಕೊಹ್ಲಿ ಕ್ರೀಸಿನಲ್ಲಿ, ಹಿಂದೆ ಡಿವಿಲಿಯರ್ಸ್, ರಾಹುಲ್, ವಾಟ್ಸನ್. ಮಿರ್ಚಿ ಬಂಡಿಯವನು ಆ ರಾತ್ರಿ ಪಟಾಕಿ ತಂದಿಟ್ಟಿದ್ದ. ಡಿವಿಲಿಯರ್ಸ್ 5. ರಾಹುಲ್ 11. ವಾಟ್ಸನ್ 11. ತಂಡ ಬರೋಬ್ಬರಿ 200ಕ್ಕೆ ನಿಂತಿತು.

ಸೋತ ಮೇಲೆ ಇಬ್ಭಾಗ. ಒಂದು ಕಡೆಯವರು ವಾಟ್ಸನ್ ಪಾರ್ಟಿ: ಹೈದರಾಬಾದಿನ ಇಪ್ಪತ್ತನೇ ಓವರಿನಲ್ಲಿ ಅವನು 24 ಕೊಟ್ಟ, ಹದಿನೈದು ಕೊಟ್ಟಿದ್ದರೂ ಕಪ್ ನಮ್ಮದಿತ್ತು. ಇನ್ನೊಂದು ಕಡೆಯವರು ಎಬಿ ಪಾರ್ಟಿ: ಬೌಲರು ಹೊಡೆಸಿಕೊಳ್ಳುವುದು ಇದ್ದದ್ದೇ, 57ಕ್ಕೆ 95 ಹೊಡೆಯಲಾಗದವರಿಗೆ ಕಪ್ ಯಾತಕ್ಕೆ? ಇದನ್ನು ಬರೆಯುವವನು ಎಬಿ ಪಾರ್ಟಿ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಬಾವ ಎರಡೂ ಪಾರ್ಟಿಗಳಿಗೆ ಅವತ್ತು ತಮ್ಮ ಖರ್ಚಿನಲ್ಲಿ ಮಿರ್ಚಿ ಕೊಡಿಸಿದರು. ಅದನ್ನು ತಿನ್ನುವುದೋ ಬಿಡುವುದೋ ಎಂಬುದೇ ಮೂರನೆಯ ವಾದವಾಯಿತು. ದೇವರಗಟ್ಟಿನ ಬನ್ನಿ ಹಬ್ಬದ ರಾತ್ರಿ ಬಡಿಗೆ ಹಿಡಿಯುವ ಸೀಮೆ ಇದು. ಕ್ರಿಕೆಟ್ಟಿಗೆ ಮಾತ್ರ ಪುಣ್ಯಕ್ಕೆ ಬಾಯಿಯಷ್ಟೇ.

ಅತಿ ಸಣ್ಣ ಸೋಲಿನ ದಾಖಲೆ 2024ರ ಏಪ್ರಿಲ್ 21ರದು, ಕೋಲ್ಕತ್ತದಲ್ಲಿ. ಎದುರಾಳಿ 222, ಬೆಂಗಳೂರು 221. ಆ ಪಂದ್ಯದಲ್ಲಿ ಕೊಹ್ಲಿ ಹರ್ಷಿತ್ ರಾಣಾನ ಫುಲ್‌ಟಾಸಿಗೆ ಔಟಾದ. ಚೆಂಡು ಸೊಂಟಕ್ಕಿಂತ ಮೇಲಿತ್ತು, ನೋಬಾಲ್ ಎಂದು ಅಂಪೈರ್ ಜೊತೆ ಜಗಳಕ್ಕೆ ನಿಂತು, ಪಂದ್ಯದ ಸಂಭಾವನೆಯಲ್ಲಿ ಅರ್ಧ ದಂಡ ಕಟ್ಟಿದ. ಅವನು ಕ್ರೀಸ್ ಬಿಟ್ಟು ಮುಂದೆ ಬಂದಿದ್ದ. ಕ್ರೀಸಿನಲ್ಲೇ ನಿಂತಿದ್ದರೆ ಚೆಂಡು 0.92 ಮೀಟರ್ ಎತ್ತರದಲ್ಲಿ ಹಾಯುತ್ತಿತ್ತು, ಅವನ ಸೊಂಟದ ಎತ್ತರ 1.04 ಮೀಟರ್ ಎಂದು ಯಂತ್ರ ಲೆಕ್ಕ ಹೇಳಿತು. ಆಲೂರಿನಲ್ಲಿ ಈ ಲೆಕ್ಕ ಟೈಲರ್ ಅಂಗಡಿಗೆ ಹೋಯಿತು. ಟೇಪು ಕೊರಳಲ್ಲೇ ಇತ್ತಲ್ಲ. ಟೈಲರ್ ಒಬ್ಬ ಹುಡುಗನನ್ನು ನೆಟ್ಟಗೆ ನಿಲ್ಲಿಸಿ ನೆಲದಿಂದ ಅಳೆದ: ಯಂತ್ರ ಹೇಳಿದ್ದು ಹೆಚ್ಚುಕಡಿಮೆ ನಲವತ್ತೊಂದು ಇಂಚು, ಚೆಂಡು ಮೂವತ್ತಾರು. “ಐದಿಂಚು ಅಂದ್ರ ಸಣ್ಣದಲ್ಲ. ಪ್ಯಾಂಟಾದ್ರ ವಾಪಸ್ ತರ್ತಾರ” ಎಂದು ಔಟ್ ಕೊಟ್ಟ. ಬಾಗಿ ಆಡುವವನ ಸೊಂಟವನ್ನು ನೆಟ್ಟಗೆ ನಿಲ್ಲಿಸಿ ಅಳೆಯುವುದು ಎಂಥ ನ್ಯಾಯ ಎಂದು ಗಿರಾಕಿಗಳು ಕೇಳಿದರು. ಆ ಪ್ರಶ್ನೆ ಇನ್ನೂ ಟೈಲರ್ ಅಂಗಡಿಯಲ್ಲೇ ಇದೆ.

ಅದೇ ಪಂದ್ಯದ ಕೊನೆಯ ಓವರಿಗೆ ಬೇಕಿದ್ದದ್ದು 21. ಬಾವನ ಫೋನಿನಲ್ಲಿ ತೆಲುಗು ಕಾಮೆಂಟರಿ, ಬಾಮೈದನ ಫೋನಿನಲ್ಲಿ ಕನ್ನಡ. ತೆಲುಗು ಅದೇಕೋ ನಾಲ್ಕೈದು ಸೆಕೆಂಡು ಮುಂದಿತ್ತು. ಸ್ಟಾರ್ಕ್‌ನ ಚೆಂಡಿಗೆ ಕರ್ಣ್ ಶರ್ಮಾ ಸಿಕ್ಸ್ ಹೊಡೆದದ್ದು ಮೊದಲು ಬಾವನ ಮುಖದಲ್ಲಿ ಗೊತ್ತಾಗುತ್ತಿತ್ತು, ಆಮೇಲೆ ಕನ್ನಡದಲ್ಲಿ. ಮೂರು ಸಿಕ್ಸ್. ಎರಡು ಚೆಂಡಿಗೆ ಮೂರು ರನ್. ಐದನೇ ಚೆಂಡಿಗೆ ಬಾವನ ಮುಖ ಅರಳಿತು. ಕನ್ನಡದಲ್ಲಿ ಸ್ಟಾರ್ಕ್ ಇನ್ನೂ ಓಡಿ ಬರುತ್ತಿದ್ದ.

ಅಕ್ಕನ ಮಗ ಈಗ ಮೆಲ್ಬರ್ನಿನಲ್ಲಿದ್ದಾನೆ. ಅಲ್ಲಿನ ಫುಟ್‌ಬಾಲ್ ಬೇರೆಯೇ ಜಾತಿಯದು. 1859ರಲ್ಲಿ ಅದರ ನಿಯಮ ಬರೆದವರಲ್ಲಿ ಒಬ್ಬನಾದ ಟಾಮ್ ವಿಲ್ಸ್ ಸ್ವತಃ ಕ್ರಿಕೆಟಿಗ, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದೆಂಬುದು ಅವನ ಆಸೆ. ಆಡುವುದೂ ದುಂಡನೆಯ ಕ್ರಿಕೆಟ್ ಮೈದಾನಗಳಲ್ಲೇ. ಗೋಲಿಗೆ ಆರು ಪಾಯಿಂಟು. ಗೋಲಿನ ಕಂಬಗಳ ಆಚೀಚೆ ಇನ್ನೂ ಎರಡು ಕಂಬ ಇರುತ್ತವೆ. ಗುರಿ ತಪ್ಪಿ ಆ ಸಂದಿನಲ್ಲಿ ಹೋದರೂ ಒಂದು ಪಾಯಿಂಟು. ಹುಡುಗ ಹಿಡಿದಿರುವ ತಂಡ ಸೇಂಟ್ ಕಿಲ್ಡಾ. ಅದು ಕಪ್ ಗೆದ್ದದ್ದು 1966ರಲ್ಲಿ ಒಂದೇ ಸಲ, ಕಾಲಿಂಗ್‌ವುಡ್ ವಿರುದ್ಧ 74-73. ಎರಡೂ ತಂಡಗಳು ಹೊಡೆದದ್ದು ಹತ್ತತ್ತು ಗೋಲು. ಸೇಂಟ್ ಕಿಲ್ಡಾ ಹದಿನಾಲ್ಕು ಸಲ ಗುರಿ ತಪ್ಪಿತ್ತು, ಕಾಲಿಂಗ್‌ವುಡ್ ಹದಿಮೂರು ಸಲ. ಬ್ಯಾರಿ ಬ್ರೀನ್ ಎಂಬವನ ತಪ್ಪಿದ ಒದೆತವೇ ಕಪ್ ತಂದಿತು. 2010ರಲ್ಲಿ ಅವೇ ಎರಡು ತಂಡಗಳ ಫೈನಲ್ 68-68 ಆಗಿ, ಮರುವಾರ ಮತ್ತೆ ಆಡಿಸಿದಾಗ ಸೇಂಟ್ ಕಿಲ್ಡಾ ಸೋತಿತು. ವಿಡಿಯೊ ಕಾಲಿನಲ್ಲಿ ಇದನ್ನೆಲ್ಲ ಕೇಳಿದ ಬಾವ ತುಸು ಹೊತ್ತು ಸುಮ್ಮನಿದ್ದರು. “ತಪ್ಪಿದ್ದಕ್ಕೂ ಪಾಯಿಂಟ್ ಕೊಡ್ತಾರಾ? ನಿಮ್ಮ ಮಾವನ ಟೀಮಿಗೆ ಹೇಳಿ ಮಾಡಿಸಿದ ಆಟ!”

ಬೆಂಗಳೂರಿಗೆ ಕೊನೆಗೂ ಕಪ್ ಬಂದದ್ದು 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ. ಅಂತರ ಆರು ರನ್ನು! ಆ ರಾತ್ರಿಯ ಕುಣಿತ ಮರುದಿನಕ್ಕೆ ಉಳಿಯಲಿಲ್ಲ. ಜೂನ್ 4ರಂದು ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಮಿರ್ಚಿ ಬಂಡಿಯ ಮುಂದೆ ಎಷ್ಟೋ ದಿನ ಕ್ರಿಕೆಟ್ಟಿನ ಮಾತೇ ಏಳಲಿಲ್ಲ, ಬಾವನೂ ಎತ್ತಲಿಲ್ಲ.

ಮಳೆಗಾಲದ ಹೊತ್ತಿಗೆ ಮಾತು ಮೆಲ್ಲಗೆ ವಾಪಸಾಯಿತು. ಆದರೆ ಗೆದ್ದ ಪಂದ್ಯದಲ್ಲಿ ವಾದಿಸುವುದೇನು? ಕೃಣಾಲ್ ಚೆನ್ನಾಗಿ ಹಾಕಿದ ಎಂದರೆ ಎಲ್ಲರೂ ಹೌದು ಅನ್ನುತ್ತಾರೆ, ಮಾತು ಅಲ್ಲಿಗೇ ನಿಂತುಹೋಗುತ್ತದೆ. ಒಂದು ಸಂಜೆ ವಾಟ್ಸನ್ ಪಾರ್ಟಿಯವನೊಬ್ಬ ತಡೆಯಲಾರದೆ ಪಂಜಾಬಿನ ಕಡೆಯಿಂದ ಶುರು ಮಾಡಿದ: ನೆಹಾಲ್ ವಧೇರಾ 18 ಚೆಂಡಿಗೆ 15 ಮಾಡಿದ್ದೇ ಅವರ ಸೋಲು. ಎಬಿ ಪಾರ್ಟಿ ಒಪ್ಪಲಿಲ್ಲ. ಕೊನೆಯ ಓವರಿಗೆ 29 ಬೇಕಿದ್ದಾಗ ಶಶಾಂಕ್ ಸಿಂಗ್ ಹೇಜಲ್‌ವುಡ್‌ನ ಮೊದಲೆರಡು ಚೆಂಡು ಖಾಲಿ ಬಿಟ್ಟ, ಆಮೇಲೆ 6, 4, 6, 6 ಹೊಡೆದರೆ ಏನು ಬಂತು? ಆ ಎರಡರಲ್ಲಿ ಒಂದಾದರೂ ಸಿಕ್ಸ್ ಹೋಗಿದ್ದರೆ!

“ಹೋಗಿದ್ರ 190. ಟೈ” ಎಂದರು ಬಾವ, ಮತ್ತೊಂದು ಪ್ಲೇಟ್ ಹೇಳುತ್ತಾ.