ಮಡಿಸುವ ಚಾಕುವಿನ ಭಾರ

ತಿಗನಾರೆಯಲ್ಲಿ ಆಲೂಗೆಡ್ಡೆ ಬೆಳೆಯುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಎರಡು ದಿನದ ಕೂಲಿಯಷ್ಟು ಹಣ ತೆತ್ತು ಮಡಿಸುವ ಚಾಕುವೊಂದನ್ನು ತಂದಿರುವನು. ತಕ್ಕಡಿಯ ಕಲ್ಲಿನಂಥ ಭಾರ. ಅಲಗೋ ಮಚ್ಚಿನಷ್ಟು ದಪ್ಪ. ಇದು ಕೊಳ್ಳತಕ್ಕ ವಸ್ತುವೇ ಎಂದು ಅವನ ಪ್ರಶ್ನೆ, ಅದೂ ಕೊಂಡಮೇಲೆ!

ಅಲ್ಲವೆಂದೇ ನಮ್ಮ ಮತ. ದಪ್ಪ ಅಲಗು ಗೆಡ್ಡೆಯನ್ನು ಕೊಯ್ಯುವುದಿಲ್ಲ, ಬೆಣೆಯಂತೆ ಸೀಳುತ್ತದೆ. ಸೌದೆ ಕಡಿಯೋಣವೆಂದರೆ ಪೆಟ್ಟೆಲ್ಲವೂ ಕೀಲಿನ ಮೇಲೆ. ಕೀಲಾಗಲಿ ಅದರ ತಡೆಯಾಗಲಿ ಸೋತಿತೆಂದರೆ ಅಲಗು ಮಡಚುವುದು ಬೆರಳುಗಳ ಮೇಲೆಯೇ. ಆ ಕೆಲಸಕ್ಕೆ ಹಿಡಿಯೊಳಕ್ಕೆ ಕಬ್ಬಿಣವೇ ಇಳಿದಿರುವ ಮಚ್ಚುಂಟಷ್ಟೆ. ಉಳಿದ ಹಣಕ್ಕೆ ಸಾಣೆಕಲ್ಲು ಬರುತ್ತಿತ್ತು.

ಫ್ರಾನ್ಸಿನ ಸವೊಯ್ ಎಂಬ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತನು 1890ರಲ್ಲಿ ರೂಪಿಸಿದ ಮರದ ಹಿಡಿಯ ಚಾಕು ಇಂದಿಗೂ ತೆಳುವಾಗಿ, ಹಗುರಾಗಿಯೇ ಇದೆ. 1955ರಲ್ಲಿ ಅಲಗು ತಾನಾಗಿ ಮಡಚದಂತೆ ತಡೆಯುವ ಲೋಹದ ಬಳೆಯೊಂದು ಅದಕ್ಕೆ ಸೇರಿತು.